ಮನೆಯಲ್ಲಿ ಜೋಡಿಸಿದ ರೈಫಲ್‌ನ ಟ್ರಿಗರ್ ವಿಪರೀತ ಬಿಗಿಯಾಗಿದೆ

ಪ್ರಶ್ನೆ:
ಗುರಿ ಅಭ್ಯಾಸಕ್ಕೆಂದು ಕಾನೂನುಬದ್ಧವಾಗಿ ಬಿಡಿಭಾಗಗಳನ್ನು ಕೊಂಡು, ಎಆರ್-15 ಮಾದರಿಯ ರೈಫಲ್ ಒಂದನ್ನು ಜೋಡಿಸಿದ್ದೇನೆ. ಸ್ಪ್ರಿಂಗ್ ತಕ್ಕಡಿಯಿಂದ ಐದು ಬಾರಿ ಅಳೆದಾಗ ಟ್ರಿಗರಿನ ಸರಾಸರಿ ಭಾರ (ಅದನ್ನು ಒತ್ತಲು ಬೇಕಾಗುವ ಬಲ) 8 ಪೌಂಡ್, ಅಂದರೆ ಸುಮಾರು 3.6 ಕಿಲೋ ಬಂದಿತು. ಭಾರಕ್ಕಿಂತಲೂ ನನ್ನನ್ನು ಕಾಡುತ್ತಿರುವುದು ಅದರ ಒರಟುತನ: ಒತ್ತಿದಂತೆಲ್ಲ ಅದು ಎರಡು ಮೂರು ಕಡೆ ತಡೆದು ನಿಂತು ಮುಂದೆ ಸರಿಯುತ್ತದೆ, ಅಷ್ಟರಲ್ಲಿ ನಳಿಗೆ ಗುರಿಯಿಂದ ಅಲುಗಿರುತ್ತದೆ. ಸಿಯರ್ ಅಂಚನ್ನು (ಗುಂಡು ಸಿಡಿಸಲು ಹೊಡೆಯುವ ಹ್ಯಾಮರನ್ನು ತಡೆದು ಹಿಡಿದಿರುವ ಅಂಚು) ಸಾಣೆಕಲ್ಲಿನಿಂದ ಉಜ್ಜಿದರೆ ಸರಿಹೋದೀತೇ?

ಉತ್ತರ 1:
ದಯವಿಟ್ಟು ಉಜ್ಜಬೇಡಿ. ಸಾಮಾನ್ಯ ದರ್ಜೆಯ ಟ್ರಿಗರ್ ಮತ್ತು ಹ್ಯಾಮರ್‌ಗಳಲ್ಲಿ ಗಡಸುತನವಿರುವುದು ತೆಳುವಾದ ಮೇಲ್ಪದರದಲ್ಲಿ ಮಾತ್ರ. ಅದು ಸವೆದರೆ ಒಳಗಿನ ಮೆದು ಉಕ್ಕು ಬೇಗನೆ ತೇಯುತ್ತದೆ, ಕೋನವೂ ಕೆಡುತ್ತದೆ, ಮುಂದೊಂದು ದಿನ ಬೆರಳು ಸೋಕದೆಯೇ ಹ್ಯಾಮರ್ ಬೀಳಬಹುದು. ಮೊದಲು ಮ್ಯಾಗಜಿನ್ ತೆಗೆದು, ಚೇಂಬರ್ (ಗುಂಡು ಕೂರುವ ನಳಿಗೆಯ ಹಿಂತುದಿ) ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಜೋಡಣೆಯನ್ನೇ ಪರೀಕ್ಷಿಸಿ. ಹ್ಯಾಮರ್ ಸ್ಪ್ರಿಂಗಿನ ಎರಡೂ ಕಾಲುಗಳು ಟ್ರಿಗರ್ ಪಿನ್ನಿನ ಮೇಲೆ ಕುಳಿತಿರಬೇಕು. ಟ್ರಿಗರ್ ತನ್ನ ಸೀಳಿನ ಬದಿಗೆ ಎಲ್ಲಾದರೂ ಉಜ್ಜುತ್ತಿದೆಯೇ ಎಂಬುದನ್ನೂ ನೋಡಿ. ಅಪ್ಪರ್ (ನಳಿಗೆಯಿರುವ ಮೇಲ್ಭಾಗ) ಬಿಚ್ಚಿರುವಾಗ ಹ್ಯಾಮರನ್ನು ಹಾಗೆಯೇ ಬೀಳಬಿಡಬೇಡಿ, ಹೆಬ್ಬೆರಳಿನಿಂದ ತಡೆದು ಇಳಿಸಿ.

ಪ್ರಶ್ನೆ ಕೇಳಿದವರು:
ನೀವು ಹೇಳಿದ್ದು ನಿಜವಾಯಿತು. ಸ್ಪ್ರಿಂಗ್‌ಗಳು ಸರಿಯಾಗಿಯೇ ಇದ್ದವು. ಆದರೆ ನಾನು ರಿಸೀವರಿಗೆ (ಟ್ರಿಗರ್ ಕೂರುವ ಹೊರಕವಚಕ್ಕೆ) ಹೊಡೆದಿದ್ದ ಬಣ್ಣ ಸೀಳಿನ ಎಡ ಅಂಚಿನಲ್ಲಿ ಗಟ್ಟಿಕಟ್ಟಿ ನಿಂತಿತ್ತು, ಟ್ರಿಗರಿನ ಆ ಬದಿಯಲ್ಲಿ ಉಗುರಿನಷ್ಟು ಉದ್ದದ ಹೊಳೆಯುವ ಗೀರು ಬಿದ್ದಿತ್ತು. ಬಣ್ಣವನ್ನು ಮಾತ್ರ ಕೆರೆದು ತೆಗೆದು, ಪಿನ್‌ಗಳಿಗೂ ಸಿಯರ್ ತಾಗುವ ಜಾಗಕ್ಕೂ ಚೂರು ಗ್ರೀಸ್ ಸವರಿದೆ. ಒರಟುತನ ಹೋಗಿದೆ, ಭಾರ 7 ಪೌಂಡಿಗೆ ಇಳಿದಿದೆ. ಇನ್ನಷ್ಟು ಇಳಿಸಲು ಹಗುರ ಸ್ಪ್ರಿಂಗ್ ಹಾಕಬಹುದೇ?

ಉತ್ತರ 2:
ಹಾಕಬಹುದು, ಆದರೆ ಹ್ಯಾಮರ್ ಸ್ಪ್ರಿಂಗ್ ಹಗುರವಾದಷ್ಟೂ ಹೊಡೆತ ದುರ್ಬಲವಾಗಿ, ಗಡುಸು ಪ್ರೈಮರ್ (ಹೊಡೆತಕ್ಕೆ ಕಿಡಿಹೊತ್ತುವ ಬುಡದ ಬಿಲ್ಲೆ) ಇರುವ ಗುಂಡುಗಳು ಸಿಡಿಯದೆ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ನನ್ನ ಮಟ್ಟಿಗೆ, ಕಾರ್ಖಾನೆಯಲ್ಲೇ ಹೊಂದಿಸಿದ ಎರಡು ಹಂತದ ಟ್ರಿಗರ್ ಕೊಳ್ಳುವುದೇ ಮೇಲು: ಮೊದಲ ಹಂತದಲ್ಲೇ ಭಾರದ ಬಹುಪಾಲು ಮುಗಿದು, ಎರಡನೆಯದು ಗಾಜಿನ ಕಡ್ಡಿ ಮುರಿದಂತೆ ಥಟ್ಟನೆ ಬಿಡುತ್ತದೆ. ಸ್ಪರ್ಧೆಗೆ ಹೋಗುವವರಾದರೆ ನಿಯಮವನ್ನು ಮೊದಲು ಓದಿ; ಅಂತರರಾಷ್ಟ್ರೀಯ 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್ ವಿಭಾಗದಲ್ಲಿ ಟ್ರಿಗರ್ ಭಾರ 1500 ಗ್ರಾಂಗಿಂತ ಕಡಿಮೆ ಇರುವಂತಿಲ್ಲ.

ಉತ್ತರ 1:
ಏನೇ ಬದಲಿಸಿದರೂ, ರೈಫಲನ್ನು ಪೂರ್ತಿ ಜೋಡಿಸಿ ಖಾಲಿ ಚೇಂಬರಿನಲ್ಲೇ ಹೀಗೆ ಪರೀಕ್ಷಿಸಿ. ಸೇಫ್ಟಿ ಹಾಕಿ ಟ್ರಿಗರ್ ಒತ್ತಿದರೆ ಹ್ಯಾಮರ್ ಬೀಳಬಾರದು. ಸೇಫ್ಟಿ ತೆಗೆದು ಒತ್ತಿ, ಬೆರಳನ್ನು ಹಾಗೆಯೇ ಹಿಡಿದು ಚಾರ್ಜಿಂಗ್ ಹ್ಯಾಂಡಲ್ (ಹ್ಯಾಮರನ್ನು ಮತ್ತೆ ಎತ್ತಿ ನಿಲ್ಲಿಸುವ ಹಿಡಿ) ಎಳೆದು ಬಿಟ್ಟು, ಟ್ರಿಗರನ್ನು ನಿಧಾನವಾಗಿ ಸಡಿಲಿಸಿದಾಗ ಒಂದು ಸ್ಪಷ್ಟ 'ಕ್ಲಿಕ್' ಕೇಳಬೇಕು, ಹ್ಯಾಮರ್ ಮಾತ್ರ ಕೆಳಗಿಳಿಯಬಾರದು. ಇದರಲ್ಲಿ ಒಂದು ತಪ್ಪಿದರೂ ಗುಂಡು ತುಂಬದೆ ನುರಿತ ಬಂದೂಕು ಕುಶಲಕರ್ಮಿಗೆ ತೋರಿಸಿ.