ಸ್ಪರ್ಧೆಯಿಂದ ನಿವೃತ್ತಿ: ಓಟವನ್ನು ಒಮ್ಮೆಲೇ ನಿಲ್ಲಿಸಬಹುದೇ?

ಶಿರಾಗೇಟ್: ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಅಭ್ಯಾಸ ಮಾಡುವ 10,000 ಮೀಟರ್ ಓಟಗಾರರೊಬ್ಬರು 34ನೇ ವಯಸ್ಸಿಗೆ ನಿವೃತ್ತರಾಗುತ್ತಿದ್ದಾರೆ. ತೂಕ 60 ಕೆ.ಜಿ., ವಾರಕ್ಕೆ 150 ಕಿ.ಮೀ. ಓಟ. ನಾಡಾದ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಪರೀಕ್ಷಾ ಪಟ್ಟಿಯಲ್ಲೂ ಹೆಸರಿದೆ. ಏನೇನು ಮಾಡಬೇಕು, ಬಲ್ಲವರು ತಿಳಿಸಿ.

ಟ್ರ್ಯಾಕ್ ಕೋಚ್: ಒಮ್ಮೆಲೇ ಬೇಡ ಸರ್. ಎರಡು ವಾರ ಪೂರ್ತಿ ನಿಲ್ಲಿಸಿದರೂ ರಕ್ತದ ದ್ರವಭಾಗವಾದ ಪ್ಲಾಸ್ಮಾ ಇಳಿದು ನಾಡಿಬಡಿತ ಏರುತ್ತದೆ. ನಿದ್ದೆ, ಮನಸ್ಸು ಎರಡೂ ಕೆಡಬಹುದು. ಮೊದಲು ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಮಾಡುವ ವೇಗದ ಓಟ) ಬಿಡಿ, ಆಮೇಲೆ ವಾರಕ್ಕೆ 15 ಕಿ.ಮೀ.ಯಂತೆ ಕಡಿಮೆ ಮಾಡುತ್ತಾ 40ಕ್ಕೆ ತನ್ನಿ. ವಾರದಲ್ಲಿ ಎರಡು ದಿನ ಸ್ಕ್ವಾಟ್, ಹಿಮ್ಮಡಿ ಎತ್ತುವ ವ್ಯಾಯಾಮ ಇರಲಿ. ಎದೆನೋವು, ತಲೆಸುತ್ತು ಕಂಡರೆ ತಡಮಾಡದೆ ಹೃದಯ ತಜ್ಞರ ಬಳಿ ಹೋಗಿ.

ರಾಗಿಮುದ್ದೆ: ಊಟದ ಲೆಕ್ಕವೇ ಹೆಚ್ಚು ಜನರಿಗೆ ತಪ್ಪುವುದು. ಕಿ.ಮೀ.ಗೆ, ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 1 ಕ್ಯಾಲರಿ ಖರ್ಚು. ಅಂದರೆ ಈಗ ದಿನಕ್ಕೆ 1,300ರಷ್ಟು ಓಟಕ್ಕೇ ಹೋಗುತ್ತಿದೆ, 40 ಕಿ.ಮೀ.ಗೆ ಇಳಿದರೆ 340 ಮಾತ್ರ. ಎರಡನೇ ಮುದ್ದೆ, ಸಕ್ಕರೆ ಪಾನೀಯ ಬಿಡಲಿ. ಕಾಳು, ಮೊಟ್ಟೆ ಮಾತ್ರ ಕಡಿಮೆಯಾಗಬಾರದು.

ಲ್ಯಾಪ್‌ಬೆಲ್: ನಾಡಾಗೆ ಲಿಖಿತವಾಗಿ ನಿವೃತ್ತಿ ತಿಳಿಸುವುದು ಬಹಳ ಮುಖ್ಯ, ದಯವಿಟ್ಟು ಮರೆಯಬೇಡಿ. ಮನೆಯಲ್ಲಿ ಕುಳಿತರೂ ಪಟ್ಟಿಯಲ್ಲಿ ಹೆಸರು ಇರುವವರೆಗೆ ಯಾವಾಗ ಎಲ್ಲಿರುತ್ತೀರಿ ಎಂಬ ವಿವರ ಕೊಡಲೇಬೇಕು. 12 ತಿಂಗಳಲ್ಲಿ ಮೂರು ಬಾರಿ ವಿವರ ಅಥವಾ ಪರೀಕ್ಷೆ ತಪ್ಪಿದರೆ ಉದ್ದೀಪನ ಮದ್ದು ತಡೆ ನಿಯಮದ ಉಲ್ಲಂಘನೆ. ಮುಂದೆ ಮರಳುವ ಮನಸ್ಸಾದರೆ 6 ತಿಂಗಳು ಮೊದಲೇ ಲಿಖಿತ ಸೂಚನೆ ಕೊಟ್ಟು ಪರೀಕ್ಷೆಗೆ ಸಿಗಬೇಕು. ತರಬೇತುದಾರರಾಗುವ ಆಸೆಯಿದ್ದರೆ ಪಟಿಯಾಲಾದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ತರಬೇತಿ ಡಿಪ್ಲೊಮಾಗೆ ಪದಕ, ಪ್ರಮಾಣಪತ್ರಗಳ ಮೂಲ ಪ್ರತಿಗಳನ್ನು ಈಗಲೇ ಜೋಡಿಸಿಡಲಿ.