ಹೆಡ್‌ಫೋನಿಗೆ ವಾಲ್ವ್ ಆಂಪ್, 15 ಸಾವಿರದೊಳಗೆ: ಶಿರಸಿ ಮಳೆಗಾಲಕ್ಕೆ ತಡೆಯುವಂಥದ್ದು ಯಾವುದು?

ಅಡಿಕೆಚಪ್ಪರ, ಶಿರಸಿ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸೆನ್‌ಹೈಸರ್ ಎಚ್‌ಡಿ 600 ಇದೆ, ಸೆಕೆಂಡ್ ಹ್ಯಾಂಡ್. ಸದ್ಯ ಫೋನಿಗೆ ಹೆಡ್‌ಫೋನ್ ಜೋಡಿಸುವ ಪುಟ್ಟ ಡಾಂಗಲ್ ಸಿಕ್ಕಿಸಿ ಕೇಳುತ್ತೇನೆ. ನಮ್ಮದು ಕೂಡುಮನೆ. ಒಂಬತ್ತಕ್ಕೆಲ್ಲ ಎಲ್ಲರೂ ಮಲಗುತ್ತಾರೆ, ಆಮೇಲೆ ನನ್ನ ಹೊತ್ತು. ಹೆಚ್ಚಾಗಿ ಕೇಳುವುದು ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿಯವರ ಹಳೇ ರೆಕಾರ್ಡಿಂಗು, ನಡುನಡುವೆ ಯಕ್ಷಗಾನ. ಒಂದು ವಾಲ್ವ್ ಆಂಪ್ ತಗೊಳ್ಳಬೇಕು ಅಂತ ಆಸೆ, ಅಂದರೆ ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವಿನಿಂದ (ಟ್ಯೂಬ್ ಅಂತಲೂ ಅಂತಾರೆ) ದನಿ ಹೆಚ್ಚಿಸುವ ಆಂಪ್ಲಿಫೈಯರ್. ಬಜೆಟ್ 15 ಸಾವಿರ, ಅಡಿಕೆ ದರ ಕೈಕೊಡದಿದ್ದರೆ 20. ಆನ್‌ಲೈನಿನಲ್ಲಿ ನೋಡಿದರೆ ಎರಡು ಮೂರು ಸಾವಿರಕ್ಕೂ 'ಟ್ಯೂಬ್ ಆಂಪ್' ಅಂತ ತೋರಿಸುತ್ತಾರೆ. ಅದಕ್ಕೂ ದೊಡ್ಡದಕ್ಕೂ ಏನು ಫರಕು?

ಕೋಡಿಬಾಗ ಕಡಲು, ಕಾರವಾರ
ಆ ಎರಡು ಸಾವಿರದ್ದು ಬೇಡ ಮಾರಾಯ್ರೇ. ಅದರಲ್ಲಿ ಇರುವುದು ಹೆಚ್ಚಾಗಿ 6ಜೆ1 ಅನ್ನುವ ಪುಟ್ಟ ವಾಲ್ವು. ಅದಕ್ಕೆ ಕೊಡುವ ವೋಲ್ಟೇಜ್ ತೀರಾ ಕಡಿಮೆ, ನಿಜವಾದ ಕೆಲಸ ಮಾಡುವುದು ಹಿಂದೆ ಕೂತ ಐಸಿ. ಕೆಲವದರಲ್ಲಿ ವಾಲ್ವಿನ ಅಡಿಗೆ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟಿರುತ್ತಾರೆ, ಉರಿಯುವ ಹಾಗೆ ಕಾಣಲಿ ಅಂತ! ದೇವರ ಮುಂದೆ ಪ್ಲಾಸ್ಟಿಕ್ ದೀಪ ಇಟ್ಟಂಗೆ.

ನಿಮ್ಮ ಎಚ್‌ಡಿ 600 ಮಾತ್ರ ವಾಲ್ವಿಗೆ ಹೇಳಿ ಮಾಡಿಸಿದ್ದು. ಅದರ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, 300 ಓಂ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಆಂಪ್, ಅಂದರೆ ಒಟಿಎಲ್, ಇಂಥ ಹೆಡ್‌ಫೋನಿಗೇ ಸರಿ. ನನ್ನ ಹತ್ತಿರ ಡಾರ್ಕ್‌ವಾಯ್ಸ್ 336ಎಸ್‌ಇ ಇದೆ. ಒಂದು 6ಎಸ್‌ಎನ್7, ಒಂದು 6ಎಎಸ್7, ಎರಡೇ ವಾಲ್ವು. ಹಳೆಯದು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ.

ಚಂಡೆಪೆಟ್ಟು, ಹೊನ್ನಾವರ
ಕಣ್ಣು ಮುಚ್ಚಿ ಯಾಕೆ, ತೆರೆದೇ ತಗೊಳ್ಳಲಿ. ಎಚ್‌ಡಿ 600ಕ್ಕೆ 1 ಮಿಲಿವಾಟಿಗೆ 97 ಡೆಸಿಬೆಲ್. ಡಾಂಗಲ್ 1 ವೋಲ್ಟ್ ಕೊಟ್ಟರೂ 102ರ ಹತ್ತಿರ ಹೋಗುತ್ತದೆ. ರಾತ್ರಿ ಒಂಬತ್ತರ ಮೇಲೆ ಅದಕ್ಕಿಂತ ಜೋರು ಯಾರಿಗೆ ಬೇಕು? ವಾಲ್ವ್ ಸೇರಿಸುವುದು ಡಿಸ್ಟಾರ್ಷನ್, ಅಷ್ಟೇ. 15 ಸಾವಿರ ಕೊಟ್ಟು ಕಲಬೆರಕೆ ಮಾಡಿಸಿಕೊಳ್ಳುವುದು ಯಾವ ಲೆಕ್ಕ?

ಕೋಡಿಬಾಗ ಕಡಲು, ಕಾರವಾರ
ಕಲಬೆರಕೆ ಹೌದು, ಆದರೆ ಎಂಥದ್ದು ಅಂತ ನೋಡಿ. ವಾಲ್ವಿನಲ್ಲಿ ಜಾಸ್ತಿ ಹುಟ್ಟುವುದು ಎರಡನೇ ಹಾರ್ಮೋನಿಕ್. ಅಂದರೆ ಮಧ್ಯ ಷಡ್ಜ ಹಾಡಿದರೆ ಅದರ ಜೊತೆ ತಾರ ಷಡ್ಜ ಸಣ್ಣಗೆ ಸೇರುತ್ತದೆ. ತಂಬೂರಿಯಲ್ಲೂ ಮೇಲಿನ ಸ್ವರಗಳು ಹಾಗೇ ಸೇರಿಕೊಂಡಿರುತ್ತವಲ್ಲ. ಕಿವಿಗೆ ಅದು ತಪ್ಪು ಅಂತ ಅನಿಸುವುದೇ ಇಲ್ಲ, ದನಿ ತುಂಬಿಕೊಂಡಿದೆ ಅನಿಸುತ್ತದೆ.

ಚಂಡೆಪೆಟ್ಟು, ಹೊನ್ನಾವರ
ಒಬ್ಬರೇ ಹಾಡುವಾಗ ಸರಿ. ಚಂಡೆ, ಮದ್ದಳೆ, ತಾಳ, ಭಾಗವತರು ಎಲ್ಲ ಒಟ್ಟಿಗೆ ಬಂದಾಗ? ಒಂದು ಸ್ವರ ಇನ್ನೊಂದರ ಜೊತೆ ಬೆರೆತು, ಹಿಮ್ಮೇಳದಲ್ಲಿ ಯಾರೂ ನುಡಿಸದ ಸ್ವರಗಳು ಹುಟ್ಟುತ್ತವೆ. ಅವು ಷಡ್ಜವೂ ಅಲ್ಲ ಪಂಚಮವೂ ಅಲ್ಲ. ನನಗೆ ಚಂಡೆಯ ಪೆಟ್ಟು ಪೆಟ್ಟಾಗೇ ಕೇಳಬೇಕು.

ಕುಮಟಾ ಸೋಲ್ಡರ್
ಇಬ್ಬರೂ ಹೇಳದ ಒಂದು ವಿಷಯ ಇದೆ. 'ವಾಲ್ವಿನ ಬೆಚ್ಚಗಿನ ದನಿ' ಅಂತಾರಲ್ಲ, ಅದರಲ್ಲಿ ದೊಡ್ಡ ಪಾಲು ಔಟ್‌ಪುಟ್ ಇಂಪೀಡೆನ್ಸಿನದು, ಅಂದರೆ ಆಂಪಿನ ಒಳಗಿನ ತಡೆಯದು. ಆಂಪಿನದು 120 ಓಂ ಅಂದುಕೊಳ್ಳಿ. ಎಚ್‌ಡಿ 600 ಹೆಸರಿಗೆ 300 ಓಂ ಆದರೂ ಕೆಳಗಿನ ಸ್ವರಗಳಲ್ಲಿ 500 ದಾಟುತ್ತದೆ. ಆಗ ಅಲ್ಲಿ ಮಾತ್ರ ಸುಮಾರು 1 ಡೆಸಿಬೆಲ್ ಏರಿಕೆ ಸಿಗುತ್ತದೆ. ಖರ್ಜ ತುಸು ತುಂಬಿಕೊಂಡಂತೆ ಕೇಳುವುದು ಅದಕ್ಕೇ. ಇದೇ ಆಂಪಿಗೆ 32 ಓಂ ಹೆಡ್‌ಫೋನ್ ಹಾಕಿದರೆ ಐದರಲ್ಲಿ ಒಂದು ಪಾಲು ವೋಲ್ಟೇಜ್ ಮಾತ್ರ ಹೆಡ್‌ಫೋನಿಗೆ ಹೋಗುತ್ತದೆ, ಉಳಿದದ್ದು ಆಂಪಿನೊಳಗೇ ಖರ್ಚು. ಆದ್ದರಿಂದ ಮುಂದೆ 32 ಓಂನದು ಕೊಳ್ಳುವ ಯೋಚನೆ ಇದ್ದರೆ ಒಟಿಎಲ್ ಬಿಡಿ, ಶೀಟ್ ವಾಲಿ ಥರದ ಹೈಬ್ರಿಡ್ ನೋಡಿ. ಅದರಲ್ಲಿ ಮುಂದೆ ವಾಲ್ವ್, ಹಿಂದೆ ಟ್ರಾನ್ಸಿಸ್ಟರ್.

ಹಳೇ ರೇಡಿಯೋ, ಯಲ್ಲಾಪುರ
ಹುಡುಗರೇ, ನಿಮ್ಮ ಲೆಕ್ಕ ಓದಿ ಖುಷಿಯಾಯಿತು. ನಮ್ಮ ಮನೆಯಲ್ಲಿ ಮರ್ಫಿ ರೇಡಿಯೋ ಇತ್ತು. ಹಾಕಿದ ಮೇಲೆ ಕಾಯಬೇಕು, ಒಂದು ಮಿನಿಟಿಗೆ ಧಾರವಾಡ ಆಕಾಶವಾಣಿ ನಿಧಾನ ಎದ್ದು ಬರುತ್ತಿತ್ತು. ಚಳಿಗಾಲದಲ್ಲಿ ಬೆಕ್ಕು ಅದರ ಮೇಲೇ ಮಲಗುತ್ತಿತ್ತು. ವಾಲ್ವು ಹೊರಗಿಂದ ತರಿಸುವುದೇನೂ ಬೇಕಿರಲಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್‌ನವರೇ ಮಾಡುತ್ತಿದ್ದರು. ನನ್ನ ಅಟ್ಟದಲ್ಲಿ ಅವರ ಇಎಲ್84 ನಾಲ್ಕಾರು ಡಬ್ಬಿ ಬಿಚ್ಚದೇ ಇವೆ. ಶಿರಸಿಯವರಿಗೆ ಬೇಕಾದರೆ ಪುಕ್ಕಟೆ.

ಕುಮಟಾ ಸೋಲ್ಡರ್
ಅಜ್ಜಾ, ಇಎಲ್84ಕ್ಕೆ ಒಂಬತ್ತು ಪಿನ್ನು, 6ಎಸ್‌ಎನ್7ಕ್ಕೆ ಎಂಟು. ಕೂರುವುದಿಲ್ಲ. ಆದರೂ ಡಬ್ಬಿ ಯಾರಿಗೂ ಕೊಡಬೇಡಿ, ನಾನೇ ಬರುತ್ತೇನೆ :)

ಅಡಿಕೆಚಪ್ಪರ, ಶಿರಸಿ
ಡಾರ್ಕ್‌ವಾಯ್ಸ್ ಕಡೆ ಮನಸ್ಸು ವಾಲಿದೆ. ಆದರೆ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಲ್ಲ. ಕೈಗಾದಲ್ಲಿ 220 ಮೆಗಾವಾಟಿನ 4 ಘಟಕ ಇದ್ದರೇನು, ಲೈನಿನ ಮೇಲೆ ಅಡಿಕೆ ಮರ ಬಿದ್ದರೆ ಎರಡು ದಿನ ಕತ್ತಲೆ. ಇದ್ದಾಗಲೂ ಪಂಪ್‌ಸೆಟ್ ಹೊತ್ತಿಗೆ 180 ವೋಲ್ಟಿಗೆ ಇಳಿಯುತ್ತದೆ. ಇನ್‌ವರ್ಟರಿನಲ್ಲಿ ನಡೆಯುತ್ತದಾ?

ಕುಮಟಾ ಸೋಲ್ಡರ್
ಇದನ್ನು ಮೊದಲೇ ಕೇಳಬೇಕಿತ್ತು. 230 ಇರಬೇಕಾದಲ್ಲಿ 180 ಬಂದರೆ, 6.3 ವೋಲ್ಟ್ ಬೇಕಾದ ಹೀಟರಿಗೆ, ಅಂದರೆ ವಾಲ್ವನ್ನು ಒಳಗಿಂದ ಕಾಯಿಸುವ ತಂತಿಗೆ, 4.9 ಹೋಗುತ್ತದೆ. ದನಿ ಸೊರಗುತ್ತದೆ, ಬಹಳ ಕಾಲ ಹಾಗೇ ಓಡಿಸಿದರೆ ವಾಲ್ವಿಗೂ ಒಳ್ಳೆಯದಲ್ಲ. ಟಿವಿಗೆ ಹಾಕುವಂಥ ಸ್ಟೆಬಿಲೈಜರ್ ಸಾಕು. ಇನ್‌ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಟ್ರಾನ್ಸ್‌ಫಾರ್ಮರ್ ಗೊರ್ ಅನ್ನುತ್ತದೆ, ಆ ಗೊರ್ ಕಿವಿಯೊಳಗೂ ಬರುತ್ತದೆ. ಪ್ಯೂರ್ ಸೈನ್ ವೇವ್ ಆದರೆ ತೊಂದರೆ ಇಲ್ಲ. ಗುಡುಗು ಶುರುವಾದರೆ ಸ್ವಿಚ್ ಅಲ್ಲ, ಪ್ಲಗ್ಗನ್ನೇ ಕೀಳಿ.

ಇನ್ನೊಂದು. ಕೊಳ್ಳುವಾಗ 110 ವೋಲ್ಟಿನದೋ 220ರದೋ ನೋಡಿ. ನನ್ನ ಭಾವ ಅಮೆರಿಕದಿಂದ ಬರುವಾಗ ಒಂದು ಆಂಪ್ ತಂದಿದ್ದರು. ನಾನು, ಸೋಲ್ಡರ್ ಅಂತ ಹೆಸರಿಟ್ಟುಕೊಂಡವನು, ಲೇಬಲ್ ನೋಡದೆ ಗೋಡೆಗೆ ಸಿಕ್ಕಿಸಿದೆ. ಒಂದೇ ಕ್ಷಣ. ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಮೂರು ದಿನ ಹೋಗಲಿಲ್ಲ. ಭಾವ ಇವತ್ತಿಗೂ 'ಪಾಪ, ಬಿಡು' ಅಂತಾರೆ. ಅದೇ ಜಾಸ್ತಿ ನೋವು.

ಕೋಡಿಬಾಗ ಕಡಲು, ಕಾರವಾರ
ಮಳೆಗಾಲದ ಅನುಭವ ನನ್ನದೂ ಕೇಳಿ. ಉಪ್ಪುಗಾಳಿಗೆ ಸಾಕೆಟ್ಟಿನ ಕ್ಲಿಪ್ಪು ಹಸಿರುಗಟ್ಟಿ, ಎಡಗಿವಿಯಲ್ಲಿ ಕರಕರ ಶುರುವಾಯಿತು. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪಿನ್ನು ಒರೆಸಿ, ನಾಲ್ಕು ಸಲ ಹಾಕಿ ತೆಗೆದ ಮೇಲೆ ಸರಿಯಾಯಿತು. ಶಿರಸಿಯಲ್ಲಿ ಉಪ್ಪಿಲ್ಲ, ಬೂಸ್ಟು ಇದೆ. ದಿನಾ ಒಂದು ತಾಸು ಹಚ್ಚಿದರೆ ತನ್ನ ಬಿಸಿಗೆ ತಾನೇ ಒಣಗಿಕೊಳ್ಳುತ್ತದೆ. 6ಎಎಸ್7ರ ಹೀಟರ್ ಒಂದೇ 2.5 ಆಂಪಿಯರ್ ಎಳೆಯುತ್ತದೆ, ಹತ್ತಿರ ಹತ್ತಿರ 16 ವಾಟ್. ಶಿರಸಿಯ ಜುಲೈಗೆ ಅದು ಸುಖ. ಇಲ್ಲಿ ಮೇ ತಿಂಗಳಲ್ಲಿ ನಾನು ಅದನ್ನು ಮುಟ್ಟುವುದೇ ಇಲ್ಲ, ಆಗ ಡಾಂಗಲ್ಲೇ ಗತಿ.

ಚಂಡೆಪೆಟ್ಟು, ಹೊನ್ನಾವರ
ನೋಡಿ, ಬಾಯಿಬಿಟ್ಟರು!

ಹಳೇ ರೇಡಿಯೋ, ಯಲ್ಲಾಪುರ
ಮಕ್ಕಳಿರುವ ಮನೆ ಅಂದಿರಿ. ಒಳಗೆ ಇನ್ನೂರು ವೋಲ್ಟಿನ ಆಸುಪಾಸು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಅಡಿಯ ಮುಚ್ಚಳ ಬಿಚ್ಚುವ ಕುತೂಹಲ ಬೇಡ. ಗಾಜು ಮುಟ್ಟಿದರೆ ಕೈ ಸುಡುತ್ತದೆ, ಎತ್ತರದಲ್ಲಿಡಿ.

ಅಡಿಕೆಚಪ್ಪರ, ಶಿರಸಿ
ಮಕ್ಕಳು ಅಂತ ನಾನು ಹೇಳಲಿಲ್ಲ ಅಜ್ಜಾ, ಕೂಡುಮನೆ ಅಂದೆ. ಇದ್ದಾರೆ ಬಿಡಿ, ಐದು ಜನ.

ಚಂಡೆಪೆಟ್ಟು ಅವರ ಮಾತೂ ತಲೆಯಲ್ಲಿ ಕೊರೆಯುತ್ತಿದೆ. ಕೇಳದೆ ದುಡ್ಡು ಹಾಕಲು ಧೈರ್ಯ ಇಲ್ಲ. ಯಾರದ್ದಾದರೂ ಒಂದು ವಾರಕ್ಕೆ ಸಿಗಬಹುದಾ?

ಕೋಡಿಬಾಗ ಕಡಲು, ಕಾರವಾರ
ನನ್ನದೇ ಒಯ್ಯಿರಿ. ಹೇಗೂ ಬಿಸಿಲು ಮುಗಿಯುವವರೆಗೆ ಕಪಾಟಿನಲ್ಲೇ ಇರುತ್ತದೆ. ಭಾನುವಾರ ಕುಮಟಾಕ್ಕೆ ಬರುವವನಿದ್ದೇನೆ, ಸೋಲ್ಡರ್ ಮನೆಯಲ್ಲಿ ಇಟ್ಟಿರುತ್ತೇನೆ. ಒಂದೇ ಹಾಡು ಎರಡರಲ್ಲೂ ಕೇಳುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ತುಸು ಜೋರಿದ್ದದ್ದೇ ಚೆಂದ ಅನಿಸಿಬಿಡುತ್ತದೆ.

ಚಂಡೆಪೆಟ್ಟು, ಹೊನ್ನಾವರ
ಇದೊಂದು ಮಾತಿಗೆ ನನ್ನ ಒಪ್ಪಿಗೆ ಇದೆ.

ಕುಮಟಾ ಸೋಲ್ಡರ್
ಬಸ್ಸಿನಲ್ಲಿ ಒಯ್ಯುವುದಾದರೆ ವಾಲ್ವ್ ಎರಡನ್ನೂ ಕಿತ್ತು, ಬೇರೆ ಬೇರೆ ಹಳೇ ಪಂಚೆಯಲ್ಲಿ ಸುತ್ತಿ ಕೊಡುತ್ತೇನೆ. ತೊಡೆಯ ಮೇಲೆ ಇಟ್ಟುಕೊಳ್ಳಿ. ದೇವಿಮನೆ ಘಾಟಿಯಲ್ಲಿ ಮೇಲಿನ ಕ್ಯಾರಿಯರಿಗೆ ಹಾಕಿದರೆ ಶಿರಸಿಗೆ ಬರೀ ಗಾಜಿನ ಚೂರು ಬರುತ್ತದೆ.