ಪದಚರ್ಚೆ: ‘ಗೆರಿಮ್ಯಾಂಡರಿಂಗ್’ ಮತ್ತು ‘ಕ್ಷೇತ್ರ ಪುನರ್ವಿಂಗಡಣೆ’ ಒಂದೇನಾ?

ಎಲ್ಲರಿಗೂ ನಮಸ್ಕಾರ.

ಟೆಕ್ಸಸ್ ಮತ್ತು ಕ್ಯಾಲಿಫೋರ್ನಿಯಾದ ಕ್ಷೇತ್ರ ಜಗಳದ ಬಗ್ಗೆ ಬಂದಿರುವ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಗೆರಿಮ್ಯಾಂಡರಿಂಗ್ ಬರುವ ಕಡೆಯಲ್ಲೆಲ್ಲ ‘ಕ್ಷೇತ್ರ ಪುನರ್ವಿಂಗಡಣೆ’ ಎಂದಿದೆ. ಸರಿಯೇ? ತಲೆಬರಹ ‘ಮುಳ್ಳನ್ನು ಮುಳ್ಳಿನಿಂದಲೇ ತೆಗೆ’ ಎಂದಿದೆ. ಅದು ಹೊಂದುತ್ತದೆಯೇ?

—

ಪುನರ್ವಿಂಗಡಣೆ ಸಲ್ಲದು. ಅದು ಕಾನೂನುಬದ್ಧ ಕೆಲಸದ ಹೆಸರು. ಕರ್ನಾಟಕದಲ್ಲಿ 2008ರ ವಿಧಾನಸಭಾ ಚುನಾವಣೆ ಹಾಗೆ ವಿಂಗಡಿಸಿದ ಹೊಸ ಕ್ಷೇತ್ರಗಳಲ್ಲೇ ನಡೆಯಿತು. ಆ ಕೆಲಸದ ಸೋಗಿನಲ್ಲಿ ಒಂದು ಪಕ್ಷಕ್ಕೆ ಅನುಕೂಲವಾಗುವಂತೆ ಗೆರೆ ಎಳೆದರೆ ಅದು ಗೆರಿಮ್ಯಾಂಡರಿಂಗ್.

1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸಲಮಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯಂತೆ ಬಳುಕಿಕೊಂಡಿತ್ತು. ಎರಡೂ ಹೆಸರು ಕೂಡಿ ಪದವಾಯಿತು. ಈಗ ಅಮೆರಿಕದವರೇ ಆ ಪದದಲ್ಲಿ ‘ಜೆರಿ’ ಎನ್ನುತ್ತಾರೆ, ಆದರೆ ಆತನ ಹೆಸರು ‘ಗೆರಿ’. ನಮ್ಮ ‘ಗೆರೆ’ಗೆ ಇಷ್ಟು ಹತ್ತಿರವಿರುವುದರಿಂದ ‘ಗೆರೆಮಾಟ’ ಎನ್ನಬಹುದು. ಮಾಟ ಎಂದರೆ ರೂಪವೂ ಹೌದು, ಮಂತ್ರವಾದವೂ ಹೌದು.

ಲೇಖನದಲ್ಲಿ ಕೆಲಸ ನಡೆಯುವ ರೀತಿಯನ್ನೂ ಹೇಳಿ. 50 ಮತದಾರರು, ತಲಾ 10 ಜನರ 5 ಕ್ಷೇತ್ರ. ‘ಅ’ ಪಕ್ಷಕ್ಕೆ 30 ಮತ, ‘ಬ’ ಪಕ್ಷಕ್ಕೆ 20. ‘ಅ’ದ 18 ಜನರನ್ನು 9ರಂತೆ ಎರಡು ಕ್ಷೇತ್ರಕ್ಕೆ ತುರುಕಿ, ಉಳಿದ 12 ಜನರನ್ನು ಮೂರು ಕ್ಷೇತ್ರಕ್ಕೆ 4ರಂತೆ ಚೆದುರಿಸಿದರೆ, ಆ ಮೂರರಲ್ಲೂ ‘ಬ’ 6–4ರಲ್ಲಿ ಗೆಲ್ಲುತ್ತದೆ. 20 ಮತಕ್ಕೆ 3 ಸೀಟು! ಇದಕ್ಕೆ ‘ತುರುಕು’, ‘ಚೆದುರಿಸು’ ಸಾಕು, ಸಂಸ್ಕೃತ ಪದ ಬೇಡ. ಆಸೆ ಹೆಚ್ಚಾದರೆ ತಿರುಗುಬಾಣ: ಆ ಮೂರು ಕ್ಷೇತ್ರಗಳಲ್ಲಿ ತಲಾ ಇಬ್ಬರು ಮನಸ್ಸು ಬದಲಿಸಿದರೆ 4–6 ಆಗಿ ಐದೂ ಸೀಟು ‘ಅ’ ಪಾಲು.

ತಲೆಬರಹದ ಬಗ್ಗೆ ನನ್ನ ತಕರಾರಿದೆ. 2025ರಲ್ಲಿ ಟೆಕ್ಸಸ್ ಜನಗಣತಿಗೆ ಕಾಯದೆ, ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ತನಗಿರುವ 38 ಸೀಟುಗಳಲ್ಲಿ ರಿಪಬ್ಲಿಕನ್ನರಿಗೆ ಇನ್ನೈದು ಸಿಗುವಂತೆ ಗೆರೆ ಬದಲಿಸಿತು. ಪ್ರತಿಯಾಗಿ ಕ್ಯಾಲಿಫೋರ್ನಿಯಾ, ಪಕ್ಷಗಳ ಹಿಡಿತದಿಂದ ದೂರ ಇಟ್ಟಿದ್ದ ನಾಗರಿಕ ಆಯೋಗದ ನಕ್ಷೆಯನ್ನು ಬದಿಗಿಟ್ಟು, ಡೆಮಾಕ್ರಟರಿಗೆ ಐದರ ಲಾಭ ತರುವ ನಕ್ಷೆಯನ್ನು ನವೆಂಬರ್‌ನ ಜನಮತದಲ್ಲಿ ಒಪ್ಪಿಸಿಕೊಂಡಿತು. ಗಾದೆಯಲ್ಲಿ ಮುಳ್ಳು ತೆಗೆಯುವುದು ಚುಚ್ಚಿಸಿಕೊಂಡ ಕಾಲಿನಿಂದಲೇ. ಇಲ್ಲಿ ಟೆಕ್ಸಸ್‌ನ ಡೆಮಾಕ್ರಟ್ ಮತದಾರನಿಗೆ ಏನೂ ವಾಪಸ್ ಬರಲಿಲ್ಲ; ಕ್ಯಾಲಿಫೋರ್ನಿಯಾದ ರಿಪಬ್ಲಿಕನ್ ಮತದಾರನಿಗೂ ಚುಚ್ಚಿತು, ಅಷ್ಟೆ. ‘ಮಾಟಕ್ಕೆ ಮರುಮಾಟ’ ಎಂದರೆ ವಿಷಯಕ್ಕೆ ಹತ್ತಿರ.

—

ಮರುಮಾಟ ಒಪ್ಪಿದೆ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಕ್ಯಾಲಿಫೋರ್ನಿಯಾದ ನಕ್ಷೆಗೆ ಅವಧಿ ಬರೆದಿದೆ: 2026, 2028, 2030ರ ಚುನಾವಣೆ ಮುಗಿದ ಮೇಲೆ ಗೆರೆ ಎಳೆಯುವ ಕೆಲಸ ಮತ್ತೆ ಆಯೋಗಕ್ಕೆ. ಜನರನ್ನೂ ಕೇಳಿದ್ದಾರೆ, ಟೆಕ್ಸಸ್‌ನಲ್ಲಿ ಶಾಸಕರೇ ತೀರ್ಮಾನಿಸಿದರು. ಕೋರ್ಟಿಗೆ ಹೋಗಬಹುದಿತ್ತಲ್ಲ ಎನ್ನುವವರಿಗೆ ಲೇಖನದಲ್ಲಿ ಒಂದು ಸಾಲು ಸೇರಿಸಿ: ಪಕ್ಷಲಾಭದ ಗೆರೆಮಾಟವನ್ನು ಫೆಡರಲ್ (ಕೇಂದ್ರದ) ಕೋರ್ಟುಗಳು ವಿಚಾರಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2019ರಲ್ಲೇ 5–4ರಲ್ಲಿ ಹೇಳಿಬಿಟ್ಟಿದೆ.

ಹೊಸ ಪದ ಮೊದಲ ಸಲ ಬರುವಲ್ಲಿ ‘ಗೆರಿಮ್ಯಾಂಡರಿಂಗ್ ಎಂಬ ಗೆರೆಮಾಟ’ ಎಂದು ಬರೆದು, ಮುಂದೆ ಗೆರೆಮಾಟ ಎಂದಷ್ಟೇ ಬಳಸಿ.